ಹೊಕುಸಾಯ್ ಮತ್ತು ಹಿರೋಶಿಗೆ: ಅಚ್ಚುಚಿತ್ರದಲ್ಲಿ ಶೈಲಿಯ ವಿಚಾರ

ಕಾವ್ಯದಲ್ಲಿ ರೀತಿಯೆಂಬುದು ದೇಶದಿಂದ ಹುಟ್ಟುವುದೋ ಕವಿಯಿಂದ ಹುಟ್ಟುವುದೋ ಎಂಬ ಚರ್ಚೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಹಳೆಯದು. ವಾಮನನು ರೀತಿಯನ್ನು ಕಾವ್ಯದ ಆತ್ಮವೆಂದು ಸಾರಿ, ಅದರ ಭೇದಗಳಿಗೆ ವಿದರ್ಭ, ಗೌಡ, ಪಾಂಚಾಲ ದೇಶಗಳ ಹೆಸರನ್ನಿಟ್ಟನು. ಕುಂತಕನು ಇದನ್ನು ಒಪ್ಪಲಿಲ್ಲ. ಸೋದರಮಾವನ ಮಗಳನ್ನು ಮದುವೆಯಾಗುವುದು ಒಂದು ದೇಶದ ಆಚಾರವಾಗಿರಬಹುದು; ಕಾವ್ಯರಚನೆ ಹಾಗೆ ದೇಶಾಚಾರವಲ್ಲವೆಂದು ವಾದಿಸಿ, ಮಾರ್ಗಭೇದಕ್ಕೆ ಕವಿಸ್ವಭಾವವೇ ಮೂಲವೆಂದು ಅವನು ಹೇಳಿದನು. ಸೋದರಮಾವನ ಮಗಳು ನಮ್ಮ ಕಡೆಗೆ ಅಪರಿಚಿತಳಲ್ಲವಾದ್ದರಿಂದ ಈ ದೃಷ್ಟಾಂತ ಕನ್ನಡದ ವಿದ್ಯಾರ್ಥಿಗಳಿಗೆ ಬೇಗನೆ ಮನಸ್ಸಿಗೆ ಹತ್ತುತ್ತದೆ.

ಚಿತ್ರಕಲೆಯ ವಿಚಾರಕ್ಕೆ ಬಂದಾಗ ಮಾತ್ರ ನಾವು ಈ ಚರ್ಚೆಯನ್ನು ಮರೆತುಬಿಡುತ್ತೇವೆ. ಒಬ್ಬ ಚಿತ್ರಕಾರನ ಶೈಲಿಯೆಂದರೆ ಅವನ ಕೈಬರಹದಂತೆ, ಕುಂಚದ ಸ್ಪರ್ಶದಲ್ಲಿಯೇ ಇರತಕ್ಕದ್ದು ಎಂದು ಸಲೀಸಾಗಿ ಹೇಳುತ್ತೇವೆ. ಎಣ್ಣೆಬಣ್ಣದ ಚಿತ್ರಗಳಿಗೆ ಇದು ಬಹುಮಟ್ಟಿಗೆ ಸಲ್ಲುವ ಮಾತು. ಆದರೆ ಪುಸ್ತಕದ ಚಿತ್ರಗಳಿಗೆ, ಅಚ್ಚಿನಲ್ಲಿ ಮೂಡಿ ಸಾವಿರಾರು ಕೈಗಳಿಗೆ ಹೋದ ಹಾಳೆಗಳಿಗೆ ಇದು ಸಲ್ಲುವುದೇ? ಆ ಹಾಳೆಯನ್ನು ಚಿತ್ರಕಾರನ ಕುಂಚ ಮುಟ್ಟಿಯೇ ಇರುವುದಿಲ್ಲ. ಆದರೂ ಇದು ಇಂಥವನದೆಂದು ನೋಡಿದೊಡನೆ ಗುರುತಿಸುತ್ತೇವೆ. ಹಾಗಾದರೆ ನಾವು ಗುರುತಿಸುವುದು ಏನನ್ನು? ಜಪಾನಿನ ಇಬ್ಬರು ಚಿತ್ರಕಾರರಾದ ಕತ್ಸುಶಿಕ ಹೊಕುಸಾಯ್ (1760–1849) ಮತ್ತು ಉತಾಗಾವ ಹಿರೋಶಿಗೆ (1797–1858) ಇವರ ಕೆಲವು ಹಾಳೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಹಾಳೆಗಳು ಸಿದ್ಧವಾಗುತ್ತಿದ್ದ ಕ್ರಮವನ್ನು ತಿಳಿಯಬೇಕು. ಚಿತ್ರಕಾರನು ತೆಳುವಾದ ಕಾಗದದ ಮೇಲೆ ಮಸಿಯಿಂದ ರೇಖೆಗಳನ್ನು ಬರೆದು ಕೊಡುತ್ತಿದ್ದನು. ಕೆತ್ತುವವನು ಆ ಕಾಗದವನ್ನು ಚೆರ್ರಿ ಮರದ ಹಲಗೆಯ ಮೇಲೆ ಮಗುಚಿ ಅಂಟಿಸಿ, ರೇಖೆಗಳನ್ನು ಉಳಿಸಿ ಮಿಕ್ಕ ಮರವನ್ನು ಕೆತ್ತಿ ತೆಗೆಯುತ್ತಿದ್ದನು. ಕೆತ್ತನೆ ಮುಗಿಯುವ ಹೊತ್ತಿಗೆ ಮೂಲಚಿತ್ರ ಹರಿದು ಹೋಗಿರುತ್ತಿತ್ತು. ಈ ಮುಖ್ಯ ಹಲಗೆಯಿಂದ ತೆಗೆದ ಪ್ರತಿಗಳ ಮೇಲೆ ಚಿತ್ರಕಾರನು ಬಣ್ಣಗಳನ್ನು ಸೂಚಿಸಿದ ಮೇಲೆ, ಬಣ್ಣಬಣ್ಣಕ್ಕೂ ಬೇರೆ ಹಲಗೆ ಸಿದ್ಧವಾಗುತ್ತಿತ್ತು. ಆಮೇಲೆ ಮುದ್ರಕನ ಕೆಲಸ. ಅವನಿಗೆ ಯಂತ್ರವಿಲ್ಲ, ಹಲಗೆಗೆ ಬಣ್ಣ ಬಳಿದು, ಕಾಗದವನ್ನಿಟ್ಟು, ಹಿಂಬದಿಯಿಂದ ಕೈಯಲ್ಲಿ ಉಜ್ಜಿ ಒಂದೊಂದು ಹಾಳೆಯನ್ನೂ ಎತ್ತಬೇಕು. ಈ ಮೂವರನ್ನೂ ಕೂಡಿಸಿ, ಹಣ ಹೂಡಿ, ಏನು ಮಾರಾಟವಾದೀತೆಂದು ಲೆಕ್ಕ ಹಾಕುವವನು ಪ್ರಕಾಶಕ. ಹಾಳೆಯ ಮೇಲೆ ಸಾಮಾನ್ಯವಾಗಿ ಚಿತ್ರಕಾರನ ಸಹಿಯೂ ಪ್ರಕಾಶಕನ ಮುದ್ರೆಯೂ ಇರುತ್ತವೆ. ಕೆತ್ತಿದವನ ಹೆಸರು ಕಾಣುವುದು ಅಪರೂಪ, ಮುದ್ರಕನದು ಇನ್ನೂ ಅಪರೂಪ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದ ವಿಗ್ರಹಗಳ ಕೆಳಗೆ ಮಲ್ಲಿತಮ್ಮನೂ ತಮ್ಮ ಹೆಸರನ್ನು ಕೆತ್ತಿ ಹೋಗಿರುವುದನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ತೋರಬಹುದು. ಅಲ್ಲಿ ಉಳಿ ಹಿಡಿದವನದೇ ಹೆಸರು. ಇಲ್ಲಿ ಉಳಿ ಹಿಡಿದವನೇ ಅಜ್ಞಾತ.

ಮೂಲಚಿತ್ರಗಳು ನಾಶವಾದ್ದರಿಂದ ಕೆತ್ತನೆಯಲ್ಲಿ ಏನು ಬದಲಾಯಿತೆಂದು ಹೋಲಿಸಿ ನೋಡುವುದು ಕಷ್ಟ. ಆದ್ದರಿಂದಲೇ 2020ರಲ್ಲಿ ಬ್ರಿಟಿಷ್ ಮ್ಯೂಸಿಯಂ ಕೊಂಡುಕೊಂಡ ಹೊಕುಸಾಯನ 103 ಸಣ್ಣ ರೇಖಾಚಿತ್ರಗಳಿಗೆ ವಿಶೇಷ ಬೆಲೆಯಿದೆ. ಸಕಲ ವಸ್ತುಗಳ ಚಿತ್ರಕೋಶವೊಂದಕ್ಕಾಗಿ ಬರೆದ ಇವು, ಆ ಪುಸ್ತಕ ಹೊರಬಾರದೆ ಹೋದ ಕಾರಣದಿಂದ ಉಳಿದುಕೊಂಡವು. ಪುಸ್ತಕ ಪ್ರಕಟವಾಗಿದ್ದರೆ ಚಿತ್ರಗಳು ಇರುತ್ತಿರಲಿಲ್ಲ. ಇವುಗಳಲ್ಲಿ ಕುಂಚ ಎಲ್ಲಿ ಒತ್ತಿತು, ಎಲ್ಲಿ ತೇಲಿತು ಎಂಬುದು ಕಾಣುತ್ತದೆ. ಆದರೆ ನಮಗೆ ಹೆಚ್ಚು ಗಮನಾರ್ಹವಾಗಿ ತೋರುವ ಅಂಶ ಬೇರೆ: ಬೆಕ್ಕಾಗಲಿ, ಬುದ್ಧನಾಗಲಿ, ಸುರಿಮಳೆಯಾಗಲಿ, ಎಲ್ಲವೂ ಕೆತ್ತುವವನ ಚೂರಿಗೆ ಒದಗುವಂತೆ ಬರೆದ ರೇಖೆಗಳು. ರೇಖೆ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂಬುದರಲ್ಲಿ ಸಂದಿಗ್ಧವಿಲ್ಲ.

ಇದಕ್ಕೆ ಕಾರಣವಿಲ್ಲದಿಲ್ಲ. ಹೊಕುಸಾಯ್ ಹುಡುಗನಾಗಿದ್ದಾಗ ಕೆತ್ತನೆಯ ಕೆಲಸವನ್ನೇ ಕಲಿತವನು. ಹದಿನೆಂಟರ ಪ್ರಾಯದಲ್ಲಿ ಅದನ್ನು ಬಿಟ್ಟು ಕತ್ಸುಕಾವ ಶುನ್‌ಷೋವಿನ ಶಿಷ್ಯನಾಗಿ ಚಿತ್ರ ಬರೆಯತೊಡಗಿದನು. ಮರ ಏನನ್ನು ಕೊಟ್ಟೀತು, ಏನನ್ನು ಕೊಡದು ಎಂಬುದು ಅವನ ಬೆರಳಿಗೇ ತಿಳಿದಿತ್ತು. ಮುಪ್ಪಿನಲ್ಲಿ ಅವನು ಪ್ರಕಾಶಕನಿಗೆ ಬರೆದ ಪತ್ರವೊಂದು ಪ್ರಸಿದ್ಧವಾಗಿದೆ. ಕೆತ್ತುವವರು ತಾನು ಬರೆಯದ ಕೆಳರೆಪ್ಪೆಯನ್ನು ಕಣ್ಣಿಗೆ ಸೇರಿಸಬಾರದು, ತನ್ನ ಮೂಗಿನ ಬದಲು ಉತಾಗಾವ ಸಂಪ್ರದಾಯದ ಮೂಗನ್ನು ಕೆತ್ತಬಾರದು ಎಂದು ಅದರಲ್ಲಿ ತಾಕೀತು ಮಾಡುತ್ತಾನೆ. ಎಗಾವ ತೊಮೆಕಿಚಿ ಎಂಬ ಕೆತ್ತನೆಗಾರನೇ ಬೇಕೆಂದು ಹಟ ಹಿಡಿಯುತ್ತಾನೆ. ಮೂಗಿನ ಈ ಜಗಳ ನಗೆ ತರಿಸಿದರೂ ಕ್ಷುಲ್ಲಕವಲ್ಲ. ಕೆತ್ತುವವನ ಕೈ ತನ್ನ ಅಭ್ಯಾಸಕ್ಕೆ ಜಾರುತ್ತದೆ. ಜಾರಿದ ಕೂಡಲೇ ಒಬ್ಬನ ಸ್ವಭಾವದ ಜಾಗದಲ್ಲಿ ಒಂದು ಶಾಲೆಯ ಆಚಾರ ಬಂದು ಕೂರುತ್ತದೆ. ಕುಂತಕನಿಗೂ ವಾಮನನಿಗೂ ನಡೆದ ವಾದ ಇಲ್ಲಿ ಎರಡು ಮೂಗುಗಳ ರೂಪದಲ್ಲಿ ನಡೆಯುತ್ತಿದೆಯೆಂದರೆ ತಪ್ಪಾಗದು.

ಹೊಕುಸಾಯನ ಖ್ಯಾತಿಗೆ ಮುಖ್ಯ ಕಾರಣವಾದ 'ಫೂಜಿಯ ಮೂವತ್ತಾರು ನೋಟಗಳು' ಸುಮಾರು 1830ರಿಂದ ಹೊರಬರತೊಡಗಿದವು. ಜನರ ಆದರದಿಂದ ಮುಂದೆ ಹತ್ತು ಸೇರಿ ನಲವತ್ತಾರಾದವು. ಯೂರೋಪಿನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿ ಆ ವೇಳೆಗೆ ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಸುಲಭ ಬೆಲೆಗೆ ದೊರೆಯತೊಡಗಿತ್ತು. ಮೊದಲಿನ ಮೂವತ್ತಾರು ಹಾಳೆಗಳಲ್ಲಿ ಬಾಹ್ಯರೇಖೆಯೂ ನೀಲಿಯೇ. ಕೊನೆಯ ಹತ್ತರಲ್ಲಿ ಅದು ಕಪ್ಪು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಈ ಸಣ್ಣ ವ್ಯತ್ಯಾಸದ ಪರಿಣಾಮ ತಿಳಿಯುತ್ತದೆ. ನೀಲಿಯ ರೇಖೆ ವಸ್ತುವನ್ನು ಸುತ್ತಲಿನ ಗಾಳಿಯಿಂದ ಕತ್ತರಿಸುವುದಿಲ್ಲ. ಕಪ್ಪು ರೇಖೆ ಕತ್ತರಿಸುತ್ತದೆ. ಈ ಮಾಲೆಯ ಮಹಾತರಂಗದ ಚಿತ್ರವನ್ನು ಕುರಿತು ಬರೆದವರು ಬಹಳ. ಅದು ಇಂದು ಕ್ಯಾಲೆಂಡರು, ಅಂಗಿ, ಚಹದ ಬಟ್ಟಲುಗಳ ಮೇಲೆಲ್ಲ ಅಪ್ಪಳಿಸುತ್ತಿರುವುದರಿಂದ ನಾವು ಅದನ್ನು ಬಿಟ್ಟು ಮುಂದೆ ಹೋಗಬಹುದು.

ನಮ್ಮ ವಾದಕ್ಕೆ ಹೆಚ್ಚು ಸಹಾಯಕವಾದ ಹಾಳೆ ಎಜಿರಿಯದು. ಬಯಲಿನಲ್ಲಿ ಡೊಂಕಾಗಿ ಸಾಗುವ ಕಾಲುದಾರಿ. ಎರಡು ಎಳಸು ಮರಗಳು. ದಾರಿಹೋಕರು ಬಗ್ಗಿ ನಡೆಯುತ್ತಿದ್ದಾರೆ. ಥಟ್ಟನೆ ಗಾಳಿ ಬೀಸಿದೆ. ಹೆಂಗಸೊಬ್ಬಳ ಮಡಿಲ ಕಾಗದಗಳು ಒಂದರ ಹಿಂದೊಂದು ಹಾರಿ ಆಕಾಶಕ್ಕೇರಿವೆ. ಒಬ್ಬನ ಟೋಪಿಯೂ ಅವುಗಳ ಜೊತೆಗೆ ಹೋಗಿದೆ. ಹಿಂದೆ ಫೂಜಿ ಪರ್ವತ; ಅದಕ್ಕೆ ಬಣ್ಣವಿಲ್ಲ, ನೆರಳಿಲ್ಲ, ಇಡೀ ಪರ್ವತ ಒಂದು ರೇಖೆ ಮಾತ್ರ. ಎಲ್ಲವೂ ಓಲಾಡುವ ಹಾಳೆಯಲ್ಲಿ ಓಲಾಡದೆ ಇರುವುದು ಅದೊಂದೇ, ಮತ್ತು ಅದೇ ಅತ್ಯಂತ ತೆಳುವಾದದ್ದು. ಇದನ್ನು ಕೆತ್ತಿದವನು ಎಷ್ಟೇ ನಿಪುಣನಾಗಲಿ, ಪರ್ವತವನ್ನು ಒಂದು ರೇಖೆಗೆ ಇಳಿಸುವ ತೀರ್ಮಾನ ಅವನದಲ್ಲ. ಈ ಹಲಗೆಗಳನ್ನು ಜಪಾನಿನಲ್ಲಿ ಆಮೇಲೆ ಹೊಸದಾಗಿ ಕೆತ್ತಿ ಮುದ್ರಿಸಿರುವುದುಂಟು. ಮರ ಬೇರೆ, ಚೂರಿ ಬೇರೆ, ಕೈ ಬೇರೆ, ಶತಮಾನವೇ ಬೇರೆ; ಹೊಕುಸಾಯ್ ಮಾತ್ರ ಅಲ್ಲಿಯೇ ಇದ್ದಾನೆ. ಕೆಲವು ಸೂಕ್ಷ್ಮಗಳು ಹೋಗಿರಬಹುದು, ಗುರುತು ಹೋಗಿಲ್ಲ. ಶೈಲಿ ಕೇವಲ ಸ್ಪರ್ಶದಲ್ಲಿ ಇದ್ದಿದ್ದರೆ ಇದು ಹೇಗೆ ಸಾಧ್ಯವಾಗುತ್ತಿತ್ತು?

ಇನ್ನು ಹಿರೋಶಿಗೆಯ ಗಾಳಿಯನ್ನು ನೋಡೋಣ. 1833–34ರ ಸುಮಾರಿನಲ್ಲಿ ಹೊರಬಂದ 'ತೊಕೈದೊ ದಾರಿಯ ಐವತ್ತಮೂರು ತಂಗುದಾಣಗಳು' ಎಂಬ ಮಾಲೆಯಲ್ಲಿ ಯೊಕ್ಕಾಯಿಚಿಯ ಹಾಳೆಯಿದೆ. ಎದೊ ಮತ್ತು ಕ್ಯೋತೋ ನಗರಗಳ ನಡುವಣ ಈ ಹೆದ್ದಾರಿಯ ಎರಡು ಕೊನೆಗಳೂ ಸೇರಿ ಮಾಲೆಯಲ್ಲಿ ಐವತ್ತೈದು ಚಿತ್ರಗಳು. ಯೊಕ್ಕಾಯಿಚಿಯಲ್ಲಿಯೂ ಟೋಪಿ ಹಾರಿದೆ. ಆದರೆ ಇಲ್ಲಿ ಅದು ಆಕಾಶಕ್ಕೇರಿಲ್ಲ. ನೆಲದ ಮೇಲೆ ಚಕ್ರದಂತೆ ಉರುಳುತ್ತಿದೆ, ಒಡೆಯನು ಅದರ ಹಿಂದೆ ಓಡುತ್ತಿದ್ದಾನೆ. ಬಲಗಡೆ ಇನ್ನೊಬ್ಬನು ಇಕ್ಕಟ್ಟಾದ ಹಲಗೆಯ ಸೇತುವೆಯ ಮೇಲೆ ನಮಗೆ ಬೆನ್ನು ಮಾಡಿ ಹೋಗುತ್ತಿದ್ದಾನೆ. ಅವನ ಮೇಲಂಗಿ ಗಾಳಿಗೆ ಉಬ್ಬಿದೆ. ನಡುವೆ ಒಂದು ಬಾಗಿದ ಮರ. ಇಬ್ಬರಿಗೂ ಪರಸ್ಪರ ಸಂಬಂಧವಿಲ್ಲ. ಒಬ್ಬನ ಅವಸ್ಥೆ ಇನ್ನೊಬ್ಬನಿಗೆ ಗೊತ್ತೂ ಇಲ್ಲ. ಹೊಕುಸಾಯನ ಗಾಳಿ ಲೋಕದ ನಿಯಮವೊಂದನ್ನು ತೋರಿಸಲೆಂದು ಬೀಸುತ್ತದೆ. ಹಿರೋಶಿಗೆಯ ಗಾಳಿ ಒಂದು ಮಧ್ಯಾಹ್ನ ಒಬ್ಬ ಬಡವನ ಟೋಪಿಯ ಮೇಲೆ ಬೀಸುತ್ತದೆ. ಕುಂತಕನ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ವಿಚಿತ್ರಮಾರ್ಗ, ಎರಡನೆಯದು ಸುಕುಮಾರಮಾರ್ಗ. ಹೀಗೆ ಹೆಸರಿಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ವಿದ್ಯಾರ್ಥಿಗಳು ತಿಳಿಯಬಾರದು. ಹೊಕುಸಾಯನಲ್ಲಿಯೂ ಸುಕುಮಾರವಾದ ಎಡೆಗಳಿವೆ.

ನಾವೂ ಬಹುಕಾಲ ಹಿರೋಶಿಗೆಯನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸಿದ್ದೆವೆಂದು ಒಪ್ಪಿಕೊಳ್ಳಬೇಕು. ಅವನ ಮನುಷ್ಯರು ಒಂದೇ ಅಳತೆಯವರು, ಅವರ ಮುಖಗಳು ಟೋಪಿಯ ಕೆಳಗೆ ಮರೆಯಾಗಿರುತ್ತವೆ, ರೇಖೆಯಲ್ಲಿ ಹೊಕುಸಾಯನ ಬಿಗಿಯಿಲ್ಲ. ಅವನಲ್ಲಿ ಇರುವುದು ಒಂದು ಬಗೆಯ ಮಧುರವಾದ ಹವೆ ಮಾತ್ರ ಎಂದು ನಮ್ಮ ಎಣಿಕೆಯಾಗಿತ್ತು. ಗ್ರಂಥಾಲಯಗಳ ಹಳೆಯ ಪುಸ್ತಕಗಳಲ್ಲಿ ಬೆರಳಗಲಕ್ಕೆ ಇಳಿಸಿದ ಮಾಸಲು ಪಡಿಯಚ್ಚುಗಳನ್ನು ನೋಡಿ ಮಾಡಿದ ತೀರ್ಮಾನವಿದು. ಹೊಕುಸಾಯನ ರೇಖೆ ಎಷ್ಟು ಕಿರಿದಾದರೂ ಬದುಕಿಕೊಳ್ಳುತ್ತದೆ. ಹಿರೋಶಿಗೆಯ ಚಿತ್ರದಲ್ಲಿ ರೇಖೆಗೆ ಸಮನಾದ ಕೆಲಸವನ್ನು ಮುದ್ರಕನ ಬಣ್ಣ ಮಾಡುತ್ತದೆ; ಪಡಿಯಚ್ಚು ಕೆಟ್ಟರೆ ಚಿತ್ರವೇ ಕೆಡುತ್ತದೆ. ಈಚೆಗೆ ವಸ್ತುಸಂಗ್ರಹಾಲಯಗಳು ತಮ್ಮ ಹಾಳೆಗಳ ದೊಡ್ಡ ಪ್ರತಿಬಿಂಬಗಳನ್ನು ಎಲ್ಲರಿಗೂ ದೊರಕಿಸಿಕೊಟ್ಟ ಮೇಲೆ, ಕಾಗದದ ನಾರು ಕಾಣುವಷ್ಟು ಹತ್ತಿರದಿಂದ ನೋಡಲು ಸಾಧ್ಯವಾಗಿ, ನಮ್ಮ ಮೊದಲಿನ ಅಭಿಪ್ರಾಯವನ್ನು ಬದಲಿಸಬೇಕಾಯಿತು.

ಅದೇ ಮಾಲೆಯ ಷೋನೊ ಎಂಬ ಹಾಳೆಯನ್ನು ಉದಾಹರಿಸಬಹುದು. ಇಳಿಜಾರು ದಾರಿಯಲ್ಲಿ ಮಳೆ ಹಿಡಿದಿದೆ. ಪಲ್ಲಕ್ಕಿ ಹೊತ್ತವರು ಏರಿಗೆ ಹೋಗುತ್ತಿದ್ದಾರೆ. ಕೊಡೆ ಹಿಡಿದವನೂ ಹುಲ್ಲಿನ ಗೊಪ್ಪೆ ಹೊದ್ದವನೂ ಇಳುಕಲಿಗೆ ಓಡುತ್ತಿದ್ದಾರೆ. ಹಿಂದಿನ ಬಿದಿರುಮೆಳೆಗೆ ಬಾಹ್ಯರೇಖೆಯೇ ಇಲ್ಲ. ಬೂದುಬಣ್ಣದ ಒಂದರ ಹಿಂದೊಂದು ಪದರ ಮಾತ್ರ. ದೂರ ಹೋದಂತೆ ಬೂದು ತಿಳಿಯಾಗುತ್ತ ಹೋಗಿ ಕೊನೆಗೆ ಮಳೆಯೇ ಮೆಳೆಯಾಗುತ್ತದೆ. ಮಲೆನಾಡಿನ ಆಷಾಢವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಖಗಳು ಕಾಣುವುದಿಲ್ಲವೆಂಬ ನಮ್ಮ ಹಳೆಯ ಆಕ್ಷೇಪಣೆ ಇಲ್ಲಿ ನಿಲ್ಲುವುದಿಲ್ಲ. ಇಂಥ ಮಳೆಯಲ್ಲಿ ಯಾರ ಮುಖ ಯಾರಿಗೆ ಕಾಣುತ್ತದೆ? ಬೆನ್ನು, ಮೊಣಕಾಲು, ಕೊಡೆಯ ವಾಲು ಇವೇ ಆಗ ಮನುಷ್ಯನ ಮುಖ. ಕೊಡೆಯ ಮೇಲೆ ಮೊದಲಿನ ಪ್ರತಿಗಳಲ್ಲಿ ಪ್ರಕಾಶಕನ ಹೆಸರೂ ಮಾಲೆಯ ಹೆಸರೂ ಅಚ್ಚಾಗಿವೆ. ಸುರಿಮಳೆಯ ನಡುವೆಯೂ ಜಾಹೀರಾತನ್ನು ಬಿಡದ ಆ ವ್ಯಾಪಾರಿಯನ್ನು ಮೆಚ್ಚಬೇಕು.

ಇಲ್ಲಿ ನಮ್ಮ ವಾದಕ್ಕೆ ಎದುರಾಗುವ ಆಕ್ಷೇಪಣೆಯೊಂದಿದೆ. ಹಿರೋಶಿಗೆಯ ಗುಣವೆಲ್ಲ ಬಣ್ಣದ ಇಳಿತದಲ್ಲಿ ಇರುವುದಾದರೆ, ಹಲಗೆಯ ಮೇಲೆ ಬಣ್ಣವನ್ನು ಒರಸಿ ಗಾಢದಿಂದ ತೆಳುವಿಗೆ ತರುವವನು ಮುದ್ರಕನಲ್ಲವೇ? ಆ ಶೈಲಿ ಅವನದೆನ್ನಬಾರದೇಕೆ? ಕಂಬಾರದ ಹಿಮರಾತ್ರಿಯ ಹಾಳೆ ಈ ಆಕ್ಷೇಪಣೆಗೆ ಬಲವಾದ ಆಧಾರ. ಹಿಮ ಕವಿದ ಮನೆಗಳು. ಇಬ್ಬರು ಏರುದಾರಿಯಲ್ಲಿ ಬೆನ್ನು ಬಾಗಿಸಿ ಹೋಗುತ್ತಿದ್ದಾರೆ. ಇನ್ನೊಬ್ಬನು ಅರ್ಧ ಮಡಿಸಿದ ಕೊಡೆಯಲ್ಲಿ ತಲೆ ಮರೆಸಿಕೊಂಡು ಎದುರು ದಿಕ್ಕಿಗೆ ಸಾಗಿದ್ದಾನೆ. ಈ ಚಿತ್ರದ ಪ್ರತಿಗಳು ಎರಡು ಬಗೆಯಾಗಿ ಸಿಕ್ಕುತ್ತವೆ. ಒಂದರಲ್ಲಿ ಕತ್ತಲೆ ಆಕಾಶದ ಮೇಲಂಚಿನಿಂದ ಇಳಿಯುತ್ತದೆ. ಇನ್ನೊಂದರಲ್ಲಿ ಬೆಟ್ಟಗಳ ಹಿಂದಿನಿಂದ ಏಳುತ್ತದೆ. ಮೊದಲನೆಯದರಲ್ಲಿ ರಾತ್ರಿ ಊರಿನ ಮೇಲೆ ಕವಿಯುತ್ತಿದೆ. ಎರಡನೆಯದರಲ್ಲಿ ಊರು ರಾತ್ರಿಯೊಳಗೆ ಮುಳುಗಿದೆ. ಭಾವವೇ ಬೇರೆ. ಹಲಗೆಯಲ್ಲಿ ಒಂದು ಗೀಟೂ ಬದಲಾಗದೆ, ಬಟ್ಟೆಯಿಂದ ಒರಸುವ ಕೈಯಿಂದಲೇ ಈ ಭೇದ ಹುಟ್ಟಿದೆ. ಹೊಕುಸಾಯನ ಕೆಂಪು ಫೂಜಿಯಲ್ಲಿಯೂ ಹೀಗೆಯೇ: ಮೊದಲ ಮುದ್ರಣದ ಪ್ರತಿಗಳಲ್ಲಿ ಪರ್ವತ ಬೆಳಗಿನ ನಸುಗೆಂಪು, ಆಮೇಲಿನವುಗಳಲ್ಲಿ ಇಟ್ಟಿಗೆಯ ಕೆಂಪು.

ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಮುದ್ರಕನ ಪಾಲನ್ನು ಅವನಿಗೆ ಕೊಡಲೇಬೇಕು. ಆದರೆ ಕಂಬಾರ ಕಡಲ ತೀರದ ಬೆಚ್ಚನೆಯ ಊರು; ಅಲ್ಲಿ ಅಷ್ಟು ಹಿಮ ಬೀಳುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ. ಹಿಮ ಬೀಳದ ಊರಿನಲ್ಲಿ ಹಿಮ ಸುರಿಸಿ, ಊರನ್ನು ನಿಶ್ಶಬ್ದಗೊಳಿಸಿ, ಆ ನಿಶ್ಶಬ್ದದಲ್ಲಿ ಮೂವರನ್ನು ಒಬ್ಬರಿಗೊಬ್ಬರು ಬೆನ್ನಾಗಿ ನಡೆಸಿದವನು ಮುದ್ರಕನಲ್ಲ. ಆಕಾಶವನ್ನು ಬರಿದಾಗಿ ಬಿಟ್ಟು, ಇಲ್ಲಿ ಕತ್ತಲೆ ಬರಲಿ ಎಂದು ಮುದ್ರಕನಿಗೆ ಎಡೆ ಮಾಡಿಕೊಟ್ಟವನೂ ಹಿರೋಶಿಗೆಯೇ. ನಮ್ಮ ಅಭಿಪ್ರಾಯದಲ್ಲಿ ಇಬ್ಬರ ಶೈಲಿಭೇದದ ತಿರುಳು ಇಲ್ಲಿದೆ. ಹೊಕುಸಾಯ್ ಬೇರೆಯವರ ಕೈ ತನ್ನ ರೇಖೆಯನ್ನು ಕೆಡಿಸದಂತೆ ಕಾವಲು ಕಾಯುತ್ತಾನೆ. ಹಿರೋಶಿಗೆ ಬೇರೆಯವರ ಕೈಗೆ ಎಡೆಯಿಟ್ಟು ಚಿತ್ರವನ್ನು ಯೋಚಿಸುತ್ತಾನೆ. ಯಕ್ಷಗಾನದ ಪ್ರಸಂಗಗಳನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಭಾಗವತನಿಗೂ ಅರ್ಥಧಾರಿಗೂ ಎಡೆಯಿಲ್ಲದಂತೆ ತುಂಬಿ ಬರೆದ ಪ್ರಸಂಗವೂ ಉಂಟು, ಅವರು ಬಂದು ತುಂಬಲೆಂದೇ ಬರೆದ ಪ್ರಸಂಗವೂ ಉಂಟು. ಎರಡನೆಯದನ್ನು ಬರೆದವನ ಕವಿತ್ವ ಕಡಮೆಯೆಂದು ರಂಗವನ್ನು ಕಂಡ ಯಾರೂ ಹೇಳುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ನಿದರ್ಶನವೂ ಇದೆ. 1857ರ 'ಒಹಾಶಿ ಸೇತುವೆಯ ಮೇಲೆ ಹಠಾತ್ ಮಳೆ' ಎಂಬ ಚಿತ್ರದಲ್ಲಿ ಮಳೆಯ ಗೆರೆಗಳನ್ನು ಎರಡು ಹಲಗೆಗಳಲ್ಲಿ ಕೆತ್ತಲಾಗಿದೆ. ಒಂದರ ಓರೆಗೂ ಇನ್ನೊಂದರ ಓರೆಗೂ ತುಸು ವ್ಯತ್ಯಾಸ, ಬಣ್ಣದ ಸಾಂದ್ರತೆಯಲ್ಲಿಯೂ ವ್ಯತ್ಯಾಸ. ಕೂದಲಿನಂಥ ಈ ಗೆರೆಗಳು ಒಂದರ ಮೇಲೊಂದು ಹಾಯುವುದರಿಂದಲೇ ಮಳೆ ನಿಂತಲ್ಲಿ ನಿಲ್ಲದೆ ಬೀಳುತ್ತಿರುವಂತೆ ತೋರುತ್ತದೆ. 1887ರಲ್ಲಿ ಪ್ಯಾರಿಸಿನಲ್ಲಿದ್ದ ವ್ಯಾನ್ ಗೋ ಈ ಹಾಳೆಯನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದನು; ಸುತ್ತ ಬೇರೆ ಹಾಳೆಗಳಿಂದ ತೆಗೆದ ಜಪಾನೀ ಅಕ್ಷರಗಳ ಅಂಚು ಕಟ್ಟಿದನು. ಅಲ್ಲಿ ಸೇತುವೆ ಇದೆ, ಓಡುವ ಜನರಿದ್ದಾರೆ, ಗೆರೆಗಳೂ ಇವೆ. ಆದರೆ ನದಿ ವ್ಯಾನ್ ಗೋವಿನ ನದಿ; ಅದು ಕುದಿಯುತ್ತಿದೆ. ಬೇರೊಬ್ಬನ ರಚನೆಯನ್ನು ಗೀಟು ಗೀಟಾಗಿ ಅನುಸರಿಸಿಯೂ ಅವನು ತಾನೇ ಆಗಿ ಉಳಿದನು. ಇಲ್ಲಿ ಮಾತ್ರ ಸ್ಪರ್ಶವೇ ಶೈಲಿಯಾಯಿತೆಂದು ಒಪ್ಪಬೇಕು. ಎರಡು ಮಾಧ್ಯಮಗಳ ಶೈಲಿ ಎರಡು ಬೇರೆ ನೆಲೆಗಳಲ್ಲಿ ಇರುತ್ತದೆಯೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿದಿಲ್ಲ.

ಜಪಾನಿನಲ್ಲಿಯೇ ಮುಂದೆ ಈ ಹಂಚಿಕೆಯ ಪದ್ಧತಿಗೆ ವಿರೋಧ ಹುಟ್ಟಿತು. 1904ರಲ್ಲಿ ಯಾಮಾಮೊತೊ ಕನಾಯೆ ಎಂಬವನು ಬೆಸ್ತನೊಬ್ಬನ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಅಚ್ಚು ಹಾಕಿದನು. ಆ ಮಾರ್ಗವನ್ನು ಹಲವರು ಹಿಡಿದರು. ನಮ್ಮ ದೇಶದಲ್ಲಿ ನಂದಲಾಲ ಬೋಸರು ರವೀಂದ್ರನಾಥರ 'ಸಹಜ ಪಾಠ'ಕ್ಕೆ (1930) ಮಾಡಿದ ಅಚ್ಚುಚಿತ್ರಗಳಲ್ಲಿ ಕೊರೆದ ಗುರುತೇ ರೇಖೆಯಾಗಿ ನಿಂತು, ಅಕ್ಷರ ಕಲಿಯುವ ಮಗುವಿನ ಕಣ್ಣಿಗೆ ಕಪ್ಪು ಬಿಳುಪಿನ ಗಟ್ಟಿಯಾದ ಲೋಕವೊಂದನ್ನು ಕೊಡುತ್ತದೆ. ಈ ಕ್ರಮದ ಹೆಚ್ಚಳವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಕೈ ಎಲ್ಲವನ್ನೂ ಮಾಡಿದರೆ ಮಾತ್ರ ಕಲೆ, ಮಿಕ್ಕದ್ದು ಕಸುಬು ಎಂಬ ನಿಲುವಿಗೆ ಬಂದರೆ ಷೋನೊವಿನ ಮಳೆಯನ್ನು ಕಳೆದುಕೊಳ್ಳಬೇಕಾಗುತ್ತದೆ. ಪ್ರಸಂಗವಶಾತ್ ಇನ್ನೊಂದು ಮಾತು. 1903ರಲ್ಲಿ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್‌ಸೊ ಎಂಬ ಚಿತ್ರಕಾರರು ಕಲ್ಕತ್ತೆಗೆ ಬಂದುದರಿಂದ ಅವನೀಂದ್ರನಾಥ ಠಾಕೂರರ ಜಲವರ್ಣದ ಕ್ರಮ ಬೆಳೆಯಿತು; ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಅದನ್ನು ಅವನೀಂದ್ರನಾಥರಿಂದಲೇ ಕಲಿತರು. ಆದರೆ ತೈಕಾನನದು ಕುಂಚದ ಸಂಪ್ರದಾಯ, ಅಚ್ಚಿನದಲ್ಲ. ಜಪಾನೀ ಪ್ರಭಾವವೆಂಬ ಒಂದೇ ಮಾತಿನಲ್ಲಿ ಎರಡನ್ನೂ ಕಟ್ಟಿಹಾಕುವುದು ಸರಿಯಲ್ಲ.

ಕೊನೆಯದಾಗಿ, ನಮ್ಮ ವಾದಕ್ಕೆ ತೊಡಕಾಗಿರುವ ಹಾಳೆಯೊಂದನ್ನು ಮರೆಮಾಚದೆ ಮುಂದಿಡುತ್ತೇವೆ. ಒಹಾಶಿಯ ಮಳೆ ಸೇರಿರುವ 'ಎದೊ ನಗರದ ನೂರು ಪ್ರಸಿದ್ಧ ನೋಟಗಳು' ಎಂಬ ಮಾಲೆ 1856ರಲ್ಲಿ ಮೊದಲಾಗಿ ನೂರಕ್ಕೂ ಮೀರಿ ಬೆಳೆಯಿತು; 1858ರಲ್ಲಿ ಹಿರೋಶಿಗೆ ತೀರಿಕೊಂಡನು. ಮರುವರ್ಷ ಅವನ ಶಿಷ್ಯ ಎರಡನೆಯ ಹಿರೋಶಿಗೆಯು ಆಕಾಸಾಕಾದ ಸಂಜೆಮಳೆಯ ಚಿತ್ರವೊಂದನ್ನು ಬರೆದು ಮಾಲೆಗೆ ಸೇರಿಸಿದನು. ಶಿಷ್ಯನ ಮಿಕ್ಕ ಕೃತಿಗಳು ಸಾಮಾನ್ಯವಾದವು. ಗುರುವಿನ ಹೆಸರನ್ನು ಹೊತ್ತುದರಿಂದಲೇ ಅವು ಇನ್ನಷ್ಟು ಬಡವಾಗಿ ಕಾಣುತ್ತವೆ. ಈ ಒಂದು ಹಾಳೆ ಹಾಗಲ್ಲ. ಸಹಿಯನ್ನು ಮುಚ್ಚಿ ತೋರಿಸಿದರೆ ನಾವೂ ಅದನ್ನು ಗುರುವಿನದೆಂದೇ ಹೇಳುತ್ತಿದ್ದೆವು. ಗುರುವಿನ ಸ್ವಭಾವ ಶಿಷ್ಯನಲ್ಲಿ ಒಂದು ಸಂಜೆಯ ಮಟ್ಟಿಗೆ ಇಳಿದು ಬಂದಿತೋ, ಇಲ್ಲವೇ ಅದೇ ಪ್ರಕಾಶಕನ ಮನೆಯಲ್ಲಿ ವರ್ಷಗಟ್ಟಲೆ ಹಿರೋಶಿಗೆಯ ಮಳೆಯನ್ನು ಕೆತ್ತಿ, ಒರಸಿ, ಉಜ್ಜಿ ಪಳಗಿದ್ದ ಹೆಸರಿಲ್ಲದ ಕೈಗಳೇ ಇದನ್ನೂ ಗುರುವಿನ ಮಳೆಯಾಗಿ ಸುರಿಸಿದವೋ ಎಂಬುದನ್ನು ಆ ಹಾಳೆ ನಮಗೆ ಇನ್ನೂ ಬಿಟ್ಟುಕೊಟ್ಟಿಲ್ಲ.